ಫಾರ್ಮಾಲ್ ಎಂ ಪುಲ್ಲಿಂಗ್ ಪ್ರಾಜೆಕ್ಟ್: ಸ್ಲೀವ್ ಕೂತಾಯ್ತು, ಈಗ ಹೆಡ್ ಸರದಿ

ಟ್ರ್ಯಾಕ್ಟರ್ ಪುಲ್ಲಿಂಗ್ ಅಂದ್ರೆ ಭಾರ ಹೇರಿದ ಸ್ಲೆಡ್ (ಎಳೆಬಂಡಿ) ಯಾರು ಹೆಚ್ಚು ದೂರ ಎಳೀತಾರೆ ಅನ್ನೋ ಪಂದ್ಯ, ಅದಕ್ಕೆ ಒಂದು ಹಳೇ ಫಾರ್ಮಾಲ್ ಎಂ ಟ್ರ್ಯಾಕ್ಟರ್ ರೆಡಿ ಮಾಡ್ತಿದೀವಿ. ಇಂಜಿನ್ ಬ್ಲಾಕ್ ಕೆಲಸ ಮುಗೀತು. ಹಳೇ ಸ್ಲೀವ್ (ಪಿಸ್ಟನ್ ಓಡಾಡೋ ಕೊಳವೆ) ನಾಲ್ಕೂ ಎಳೆದು ಹಾಕಿ 4 ಇಂಚಿನ ಹೊಸ ಸ್ಲೀವ್, ಪಿಸ್ಟನ್ ಕೂರಿಸಿದೀವಿ, ಪಿಸ್ಟನ್ ರಿಂಗ್‌ಗಳ ತುದಿ ನಡುವಿನ ಗ್ಯಾಪ್ ಒಂದೊಂದೇ ಅಳೆದು ಫೈಲ್ ಮಾಡಿದ್ದಾಯ್ತು, ಕ್ರ್ಯಾಂಕ್ ಕೈಯಲ್ಲೇ ಸಲೀಸಾಗಿ ತಿರುಗ್ತಿದೆ. ಭಾಳ ಖುಷಿ ಆಗ್ತಿದೆ.

ಹೊಸದಾಗಿ ಓದ್ತಿರೋರಿಗೆ: ಗಾಡಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿದು, 1939ರಿಂದ 1952ರ ತನಕ ಇಲ್ಲೇ ಇಲಿನಾಯ್‌ನ ರಾಕ್ ಐಲೆಂಡ್ ಫ್ಯಾಕ್ಟರಿಲಿ ಆಗ್ತಿದ್ದ ಮಾಡೆಲ್. ಪಕ್ಕದ ಹೊಲದ ರೈತರದ್ದು, ನಾನು ವೀಕೆಂಡಲ್ಲಿ ಅವರ ಜೊತೆ ಕೈ ಹಾಕ್ತೀನಿ. ನಮ್ಮ ಕಡೆಯವರಿಗೂ ಈ ಕೆಂಪು ಬಣ್ಣ ಹೊಸದಲ್ಲ ಬಿಡಿ, 1963ರಲ್ಲಿ ಮಹೀಂದ್ರ ಜೊತೆ ಸೇರಿ ಇದೇ ಕಂಪನಿ ಬಿ-275 ತಂದಿತ್ತಲ್ಲ, ಇದೂ ಅದೇ ಕಂಪನಿ ಮನೆತನದ್ದು.

ಸ್ಟಾಕ್ (ಕಂಪನಿ ಕೊಟ್ಟ) ಇಂಜಿನ್ ಬೋರ್, ಅಂದ್ರೆ ಸಿಲಿಂಡರ್ ಅಗಲ 3-7/8 ಇಂಚು, ಸ್ಟ್ರೋಕ್, ಅಂದ್ರೆ ಪಿಸ್ಟನ್ ಓಡೋ ದೂರ 5-1/4, ಒಟ್ಟು 248 ಕ್ಯೂಬಿಕ್ ಇಂಚು. 4 ಇಂಚಿನ ಬೋರ್ ಹಾಕಿದ ಮೇಲೆ 264. ಇನ್ನೂ ದೊಡ್ಡದು ಮಾಡಿ 281ಕ್ಕೆ ಹೋಗೋರೂ ಇದಾರೆ, ನಮಗೆ ಅದು ಬೇಡ ಅನ್ನಿಸ್ತು. ಯಾಕಂದ್ರೆ ಪುಲ್ಲಿಂಗ್‌ನಲ್ಲಿ ಗೆಲ್ಲಿಸೋದು ಬರೀ ಹಾರ್ಸ್‌ಪವರ್ ಅಲ್ಲ. ಸ್ಲೆಡ್ ಹೊರಟಾಗ ಭಾರದ ಬಾಕ್ಸ್ ಹಿಂದೆ ಚಕ್ರದ ಮೇಲಿರುತ್ತೆ, ಎಳೀತಾ ಹೋದ ಹಾಗೆ ಬಾಕ್ಸ್ ಮುಂದಕ್ಕೆ ಸರಿದು ಭಾರ ಎಲ್ಲ ನೆಲಕ್ಕೆ ಉಜ್ಜೋ ಪ್ಯಾನ್ ಮೇಲೆ ಬೀಳುತ್ತೆ, 300 ಅಡಿ ಮುಟ್ಟಿದ್ರೆ ಫುಲ್ ಪುಲ್, ಆದ್ರೆ ಅಷ್ಟೊತ್ತಿಗೆ ಇಂಜಿನ್ ಆರ್‌ಪಿಎಂ ಕುಸೀತಾ ಇರುತ್ತೆ, ಕುಸಿಯುವಾಗ ಟಾರ್ಕ್ (ತಿರುಗಿಸೋ ಬಲ) ಹಿಡಿದು ನಿಲ್ಲಬೇಕು, ಅದೇ ಈ ಉದ್ದ ಸ್ಟ್ರೋಕ್ ಇಂಜಿನ್ನಿನ ಹುಟ್ಟುಗುಣ, ಅದನ್ನ ಕೆಡಿಸಬಾರದು ಅನ್ನೋದು ನಮ್ಮ ಹಟ. ಕಂಪನಿ ರೇಟಿಂಗ್ 1450 ಆರ್‌ಪಿಎಂ, ಪಿಸ್ಟನ್ ಸ್ಪೀಡ್ ನಿಮಿಷಕ್ಕೆ ಸುಮಾರು 1270 ಅಡಿ. 2000ಕ್ಕೆ ಏರಿಸಿದ್ರೆ 1750. ಅದಕ್ಕಿಂತ ಮೇಲೆ ನಾವು ಬಿಡಲ್ಲ, ಫ್ಲೈವೀಲ್ ಹಳೇ ಎರಕದ ಕಬ್ಬಿಣ, ಅದು ಒಡೆದ್ರೆ ಸೀಟಲ್ಲಿ ಕೂತೋರ ಕಥೆ ಮುಗೀತು. ವೇಗಕ್ಕೆ ಮಿತಿ ಹಾಕೋ ಗವರ್ನರ್ ಸೆಟ್ಟಿಂಗ್ ಒಂದನ್ನೇ ನಂಬಲ್ಲ, ಆರ್‌ಪಿಎಂ ತೋರಿಸೋ ಟ್ಯಾಕೋಮೀಟರ್ ಹಾಕೇ ಹಾಕ್ತೀವಿ.

ಈಗ ಹೆಡ್, ಅಂದ್ರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ. ತಲೆ ತಿನ್ನೋ ಭಾಗ ಇದೇ. ನಮ್ಮ ಗಾಡಿ ಡಿಸ್ಟಿಲೇಟ್ ಮಾಡೆಲ್, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಅಗ್ಗದ ಎಣ್ಣೆಗೆ ತಿರುಗಿಸೋ ಕಾಲದ್ದು, ಕಂಪ್ರೆಷನ್ (ಸಿಲಿಂಡರಲ್ಲಿ ಗಾಳಿ-ಇಂಧನ ಒತ್ತಿ ಕುಗ್ಗಿಸೋ ಪ್ರಮಾಣ) ತೀರಾ ಕಮ್ಮಿ. ಹಳಬರ ಒಂದು ಉಪಾಯ ನಂಗೆ ಭಾಳ ಇಷ್ಟ: ಬೆಟ್ಟದ ಮೇಲೆ ಗಾಳಿ ತೆಳು ಅಂತ ಅಲ್ಲಿನ ರೈತರಿಗೆ ಕಂಪನಿನೇ ಹೈ ಆಲ್ಟಿಟ್ಯೂಡ್ ಪಿಸ್ಟನ್ ಮಾರ್ತಿತ್ತು, ಬಯಲುಸೀಮೆ ಪುಲ್ಲರ್‌ಗಳು ಅದನ್ನೇ ತಂದು ಕಂಪ್ರೆಷನ್ ಏರಿಸ್ಕೊಂಡ್ರು. ನಾವು ಹೆಡ್ಡಿನ ಕೆಳಮೈ ಹೆರೆಸಿ ಜಾಗ ಕಮ್ಮಿ ಮಾಡೋ ದಾರಿ ಹಿಡಿದಿದೀವಿ. ಒಂದು ಸಿಲಿಂಡರ್ 1081 ಸಿಸಿ. 8ರ ಕಂಪ್ರೆಷನ್ ರೇಷಿಯೋ ಬೇಕಂದ್ರೆ ಮೇಲೆ ಉಳಿಯೋ ಜಾಗ 154 ಸಿಸಿ, 7 ಸಾಕಂದ್ರೆ 180. ನಾವು 7ಕ್ಕೇ ನಿಲ್ಲಿಸಿದ್ವಿ. ಇಷ್ಟು ಅಗಲದ ಬೋರಲ್ಲಿ ಬೆಂಕಿ ಆ ಕಡೆ ಮುಟ್ಟೋಕೆ ಟೈಮ್ ಬೇಕು, ಕಮ್ಮಿ ಆರ್‌ಪಿಎಂನಲ್ಲಿ ಫುಲ್ ಲೋಡ್ ಬಿದ್ದಾಗ ಬಂಕಿನ 87 ಆಕ್ಟೇನ್ ಪೆಟ್ರೋಲ್ ನಾಕ್ ಹೊಡೆಯೋಕೆ (ತಾನೇ ಹೊತ್ತಿ ಸಿಡಿಯೋಕೆ) ಶುರು ಮಾಡಿದ್ರೆ ಹೊಸ ಪಿಸ್ಟನ್ ಎಲ್ಲ ಗೋವಿಂದ. ಹೆಡ್ ಮೇಲೆ ಅಕ್ರಿಲಿಕ್ ಶೀಟ್ ಇಟ್ಟು ಬ್ಯುರೆಟ್ಟಿಂದ ಎಣ್ಣೆ ಬಿಟ್ಟು ನಾಲ್ಕೂ ಚೇಂಬರ್ ಅಳೆದ್ವಿ, ಒಂದಕ್ಕೊಂದು ಹೊಂದಲ್ಲ, ಗ್ರೈಂಡ್ ಮಾಡಿ ಸಮ ಮಾಡ್ಬೇಕು.

ಇಂಜಿನ್ನಿಗೆ ಗಾಳಿ ಒಯ್ಯೋ ಮ್ಯಾನಿಫೋಲ್ಡ್ ಬದಲಾಯಿಸಿ ಪೆಟ್ರೋಲ್ ಮಾಡೆಲ್‌ದು ಹಾಕಿದ್ವಿ. ಡಿಸ್ಟಿಲೇಟ್‌ದು ಬೇಕಂತಲೇ ಗಾಳಿನ ಕಾಯಿಸುತ್ತೆ, ಕಾದ ಗಾಳಿ ತೆಳು, ಪವರ್ ಹೋಗುತ್ತೆ. ಕಾರ್ಬ್ಯುರೇಟರ್ ಹಳೇ ಇ-12, ಜೆಟ್ ಮಾತ್ರ ದೊಡ್ಡದು. ವಾಲ್ವ್ ತೆರೆಯೋ ಕ್ಯಾಮ್‌ಗೆ ಸಣ್ಣ ರೀಗ್ರೈಂಡ್ ಅಷ್ಟೇ, ಜಾಸ್ತಿ ಡ್ಯುರೇಶನ್ ಕೊಟ್ರೆ (ವಾಲ್ವ್ ಹೆಚ್ಚು ಹೊತ್ತು ತೆರೆದಿಟ್ರೆ) ಕಮ್ಮಿ ಆರ್‌ಪಿಎಂನ ಟಾರ್ಕ್ ಸಾಯುತ್ತೆ.

ಹೆಡ್ ಮಷೀನ್ ಶಾಪಿಂದ ಬಂದ ಮೇಲೆ ಪಿಸ್ಟನ್ ಮೇಲೆ ಮೇಣದ ಉಂಡೆ ಇಟ್ಟು ವಾಲ್ವ್‌ಗೂ ಪಿಸ್ಟನ್‌ಗೂ ನಡುವಿನ ಅಂತರ ನೋಡ್ಬೇಕು, ಆಮೇಲೆ ಮುಂದಿನ ವೆಯ್ಟ್ ಬ್ರ್ಯಾಕೆಟ್ಟು, ಸ್ಲೆಡ್ ಕೊಕ್ಕೆ ಸಿಗಿಸೋ ಡ್ರಾಬಾರಿನ ಎತ್ತರ. ಇಲ್ಲಿನ ರೂಲ್ ಪ್ರಕಾರ 20 ಇಂಚು ಮೀರಂಗಿಲ್ಲ, ನಾವು ಪೂರ್ತಿ 20ಕ್ಕೇ ಇಡ್ತೀವಿ. ಗುರಿ 5500 ಪೌಂಡ್ ತೂಕದ ಟ್ರ್ಯಾಕ್ಟರ್‌ಗಳ ಕ್ಲಾಸು.