ಹಿಂದ ಹಾಡಾವರು

ಮೂವತ್ತೊಂದು ವರ್ಷ ನಾನು ದನಿಯಿಂದಲೇ ಅನ್ನ ತಿಂದವನು. ಬಾಗಲಕೋಟೆ–ಬೆಳಗಾವಿ ಬಸ್ಸಿನಲ್ಲಿ ಕಂಡಕ್ಟರ್. ಗದ್ದನಕೇರಿ ಕ್ರಾಸ್, ಲೋಕಾಪುರ, ಯರಗಟ್ಟಿ ಎಂದು ಕೂಗಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವರೂ ಗಂಟು ಹಿಡಿದು ಏಳುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಆ ದನಿ ಗಂಟಲಲ್ಲೇ ಕೂತುಬಿಟ್ಟಿತು. ಬೆಳಿಗ್ಗೆ ಹಾಲಿನವನಿಗೆ "ಅರ್ಧ ಲೀಟರ್", ರಾತ್ರಿ ಹುಬ್ಬಳ್ಳಿಯಿಂದ ಮಗಳು "ಉಂಡ್ಯಾ ಅಪ್ಪಾ?" ಅಂದರೆ "ಹೂಂ". ದಿನದ ಮಾತು ಅಷ್ಟಕ್ಕೆ ಮುಗಿಯುತ್ತಿತ್ತು.

ಹಳೇ ಬಾಗಲಕೋಟೆಯಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಅಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳು. ಒಬ್ಬರ ಮನೆಯ ರೊಟ್ಟಿ ಬಡಿಯುವ ಸಪ್ಪಳದಿಂದ ಇನ್ನೊಬ್ಬರಿಗೆ ಹೊತ್ತು ತಿಳಿಯುತ್ತಿತ್ತು. ಆಲಮಟ್ಟಿ ಡ್ಯಾಮಿನ ಹಿನ್ನೀರು ಘಟಪ್ರಭೆಯುದ್ದಕ್ಕೂ ಏರಿ ಬಂದು ನಮ್ಮ ಓಣಿ ಮುಳುಗಿತು. ನವನಗರದಲ್ಲಿ ಜಾಗ ಸಿಕ್ಕಿತು, ಅಗಲವಾದ ರಸ್ತೆ ಸಿಕ್ಕಿತು, ಓಣಿ ಸಿಗಲಿಲ್ಲ. ಒಬ್ಬೊಬ್ಬರು ಒಂದೊಂದು ಸೆಕ್ಟರಿಗೆ ಚದುರಿಹೋದೆವು. ಈಗಲೂ ಡ್ಯಾಂ 519.60 ಮೀಟರಿಗೆ ತುಂಬಿತು ಎಂದು ಪೇಪರಿನಲ್ಲಿ ಓದಿದಾಗ ನನಗೆ ಮೊದಲು ನೆನಪಾಗುವುದು ನಮ್ಮ ಮನೆಯ ಕಟ್ಟೆ.

ಶ್ರಾವಣದ ಮೊದಲ ಸೋಮವಾರ ಸಂಜೆ, ಅದೇ ಓಣಿಯ ಟೇಲರ್ ಅಣ್ಣ ಬಾಗಿಲಿಗೆ ಬಂದರು. "ಗುಡಿಯಾಗ ಭಜನಿ ಐತಿ, ನಡೀರಿ. ಹಾಡಬ್ಯಾಡ್ರಿ, ಸುಮ್ನ ಕುಂದರಾಕ ಬರ್ರಿ." ಒಲ್ಲೆ ಅನ್ನುವುದಕ್ಕೂ ಮಾತು ಬೇಕು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಗುಡಿಯಲ್ಲಿ ಹನ್ನೊಂದು ಮಂದಿ. ಅವರಲ್ಲಿ ಐದು ಮಂದಿ ನಮ್ಮ ಹಳೇ ಓಣಿಯವರೇ ಎಂದು ನೋಡಿದಾಗ ಎದೆಯಲ್ಲಿ ಏನೋ ಅಲುಗಿತು. ಜಮಖಾನೆಯ ಮೇಲೆ ಪೇಟಿ ಅಂದರೆ ಹಾರ್ಮೋನಿಯಂ, ತಬಲಾ, ಏಕತಾರಿ, ಅರಿವೆಯ ಚೀಲದ ತುಂಬ ತಾಳಗಳು. ಪೇಟಿ ಮಾಸ್ತರರು ಮೊದಲು ಬಿಳಿ ನಾಲ್ಕರಲ್ಲಿ, ಅಂದರೆ ಪೇಟಿಯ ನಾಲ್ಕನೇ ಬಿಳಿ ಮನೆಯಲ್ಲಿ, ಸೂರು ಹಿಡಿದರು. ಎರಡು ಮೂರು ಮಂದಿಗೆ ಮೇಲಿನ ಷಡ್ಜ ಮುಟ್ಟಲಿಲ್ಲ. "ಕಪ್ಪು ಎರಡಕ್ಕ ಇಳಿಸೂಣು, ಎಲ್ಲಾರಿಗೂ ಹಗುರಾಗ್ತೈತಿ" ಅಂದರು. ಯಾರನ್ನೂ ಬಿಡದೆ ಸ್ವರವನ್ನೇ ಇಳಿಸಿದ ಆ ರೀತಿ ನನಗೆ ಬಹಳ ಹಿಡಿಸಿತು. ಅಲ್ಲಿ ಮೈಕೂ ಇರಲಿಲ್ಲ. ಮಾಸ್ತರರು ಬೇಡವೇ ಬೇಡ ಎಂದು ಹಟ ಹಿಡಿದಿದ್ದರಂತೆ. ಆ ಹಟ ಸರಿಯಾದದ್ದು. ಮೈಕು ಬಂದರೆ ಅದರ ಮುಂದೆ ಕೂತವನ ದನಿಯೊಂದೇ ಹಾಡಾಗುತ್ತದೆ, ಉಳಿದವರು ಕೇಳುವವರಾಗುತ್ತಾರೆ.

ನನ್ನ ಕೈಗೆ ಒಂದು ಜೋಡಿ ತಾಳ ಬಂತು. ಎಂಟು ಮಾತ್ರೆಯ ಭಜನಿ ಠೇಕಾ, ಎಂಟು ಎಣಿಕೆಗೊಮ್ಮೆ ತಿರುಗಿ ಬರುವ ಬಡಿತ. ಬಡಿದೆ, ತಪ್ಪಿತು. ಮತ್ತೆ ತಪ್ಪಿತು. "ಕೈ ನೋಡಬ್ಯಾಡ್ರಿ, ಡಗ್ಗಾದ ಮ್ಯಾಲ ಕಿವಿ ಇಡ್ರಿ" ಎಂದರು ತಬಲಾ ಬಾರಿಸುವವರು. ತಬಲಾದ ಎಡಗೈಯ ದಪ್ಪ ದನಿಯ ಮೇಲೆ ಕಿವಿ ಇಟ್ಟೆ. ಒಂದೆರಡು ಪದ ಮುಗಿಯುವಷ್ಟರಲ್ಲಿ ಕೈ ತನ್ನಷ್ಟಕ್ಕೆ ದಾರಿ ಹಿಡಿಯಿತು. ಅದರ ಬೆನ್ನಿಗೆ, ನಾನು ಕರೆಯದೆಯೇ, ದನಿಯೂ ಬಂತು. ಮುಂದೆ ಹಾಡುವವರು ಒಂದು ಸಾಲು ಬಿಟ್ಟುಕೊಟ್ಟರೆ ಹಿಂದೆ ಹಾಡುವ ನಾವು ಅದನ್ನು ಎತ್ತಿಕೊಳ್ಳಬೇಕು. ಎತ್ತಿಕೊಂಡೆ.

ಆಮೇಲೆ ಆ ತತ್ವಪದ ಬಂತು. ನನ್ನಾಕೆ ರೊಟ್ಟಿ ಬಡಿಯುತ್ತ ಹಾಡಿಕೊಳ್ಳುತ್ತಿದ್ದ ಪದ. ಆಕೆಗೆ ಎರಡನೇ ನುಡಿ ಬರುತ್ತಿರಲಿಲ್ಲ, ಪಲ್ಲವಿಯನ್ನೇ ತಿರುಗಿ ತಿರುಗಿ ಅನ್ನುತ್ತಿದ್ದಳು. ಪಲ್ಲವಿಯ ನಟ್ಟನಡುವೆ ನನ್ನ ಗಂಟಲು ಕಟ್ಟಿತು. ಅರ್ಧ ಶಬ್ದ ಬಾಯಲ್ಲೇ ಉಳಿಯಿತು, ತಾಳ ತೊಡೆಯ ಮೇಲೆ ಬಿತ್ತು. ಎಲ್ಲರೂ ನಿಲ್ಲಿಸಿ ನನ್ನತ್ತ ತಿರುಗುತ್ತಾರೆ ಎಂದು ತಲೆ ತಗ್ಗಿಸಿದೆ.

ಹಾಡು ನಿಲ್ಲಲಿಲ್ಲ. ನಾನು ಬಿಟ್ಟ ಶಬ್ದವನ್ನು ಬಾಜೂಕಿದ್ದ ಟೇಲರ್ ಅಣ್ಣ ಪೂರ್ತಿ ಮಾಡಿದರು, ಅವರ ಉಸಿರು ಮುಗಿದಲ್ಲಿ ಇನ್ನೊಬ್ಬರು ಹಿಡಿದರು. ನಾನು ಅತ್ತೆ. ಸುತ್ತಲಿನ ತಾಳಗಳ ಸಪ್ಪಳದೊಳಗೆ, ಆಕೆ ತೀರಿಕೊಂಡ ದಿನವೂ ಅಳದವನು ಮನಸಾರೆ ಅತ್ತೆ. ಯಾರೂ ಸಮಾಧಾನ ಹೇಳಲಿಲ್ಲ. ಎರಡನೇ ನುಡಿ ಬಂತು, ಆಕೆಗೆ ಬಾರದೇ ಇದ್ದದ್ದು. ಕಣ್ಣೊರೆಸಿಕೊಂಡು ಅದರೊಳಗೆ ಸೇರಿಕೊಂಡೆ.

ಮುಗಿದ ಮೇಲೆ ಚುರಮರಿ, ಪುಠಾಣಿ ಹಂಚುತ್ತ ಮಾಸ್ತರರು ಹೇಳಿದರು: "ಹಿಂದ ಹಾಡಾವರಿಗೆ ಒಂದು ಅನುಕೂಲ ಐತ್ರಿ. ಉಸರು ಕಡದ್ರ ಬಿಟ್ಟಬಿಡಬೇಕು, ಬಾಜೂಕಿನವರು ಒಯ್ತಾರ. ಎಲ್ಲಾರೂ ಒಮ್ಮೆಲೇ ಉಸರು ತಗೋಬಾರದು, ಅಷ್ಟ."

ಮನೆಗೆ ಹೋಗುವ ದಾರಿಯಲ್ಲಿ ಟೇಲರ್ ಅಣ್ಣ ಬಹಳ ಹೊತ್ತು ಸುಮ್ಮನಿದ್ದು, "ವೈನಿಯವರ ಕುಬಸದ ಅಳತಿ ಇನ್ನೂ ನನ್ನ ವಹಿಯಾಗ ಐತ್ರಿ" ಅಂದರು. ನನ್ನ ಮನೆ ದಾಟಿ ಅವರ ಮನೆಯವರೆಗೆ ಹೋದೆ, ಅಲ್ಲಿಂದ ಅವರು ನನ್ನನ್ನು ಕಳಿಸಲು ಬಂದರು. ಹೀಗೆ ಎರಡು ಸಲ. ಆಕೆಯ ಬಗ್ಗೆ ಅಷ್ಟು ಮಾತಾಡಿದ್ದು ಅವತ್ತೇ ಮೊದಲು. ಮರುದಿನ ರಾತ್ರಿ ಮಗಳು ಫೋನ್ ಮಾಡಿದಾಗ "ಹೂಂ" ಅನ್ನುವ ಬದಲು ಭಜನಿಯ ಕಥೆ ಹೇಳಿದೆ. ಆ ಕಡೆ ಆಕೆ ಬಿಕ್ಕಿದ್ದು ಕೇಳಿಸಿತು.

ಮುಂದಿನ ಸೋಮವಾರ ಟೇಲರ್ ಅಣ್ಣ ವಹಿಯನ್ನೇ ತಂದರು. ಓಣಿ ಮುಳುಗುವ ಮುಂಚಿನದು. ಅಂಗಡಿ ಖಾಲಿ ಮಾಡುವಾಗ ಮೊದಲು ಕೈಗೆತ್ತಿಕೊಂಡದ್ದು ಅದನ್ನೇ ಅಂತೆ. ಹಳದಿಯಾದ ಹಾಳೆ, ಮೇಲೆ "ಕಂಡಕ್ಟರ್ ಮನಿಯವರು" ಎಂದು ನೀಲಿ ಮಸಿಯಲ್ಲಿ. ಕೆಳಗೆ ಎದೆ, ತೋಳು, ಉದ್ದ. ಒಂದೊಂದೇ ಅಂಕಿ ಓದಿದೆ. ಅಷ್ಟರಲ್ಲಿ ಮಾಸ್ತರರು ಪೇಟಿಯ ಗಾಳಿ ಎಳೆದರು, ಕಪ್ಪು ಎರಡು. ವಹಿಯನ್ನು ಮಡಿಲಲ್ಲಿ ಇಟ್ಟುಕೊಂಡು ತಾಳ ಎತ್ತಿಕೊಂಡೆ.