‘ಮನೆ ತಗೊಂಡಾಯ್ತು, ಕೈ ಖಾಲಿ. ಮೊದಲು ಏನು ತರಲಿ?’

ಹೊಸ ಮನೆ ತಗೊಂಡವರು ಯಾರೇ ಫೋನ್ ಮಾಡಲಿ, ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ. "ಇದ್ದಬದ್ದ ದುಡ್ಡೆಲ್ಲಾ ಮನೆಗೇ ಹೋಯ್ತು. ಒಳಗೆ ನೋಡಿದರೆ ಬರೀ ಗೋಡೆ. ಉಳಿದಿರೋ ಚೂರುಪಾರಲ್ಲಿ ಮೊದಲು ಏನು ತರೋದು?"

ನಾನೇನು ಇಂಟೀರಿಯರ್ ಡಿಸೈನರ್ ಅಲ್ಲ. ಐದು ವರ್ಷದ ಹಿಂದೆ ನಾನೂ ಹೀಗೇ ಖಾಲಿ ಮನೆಯ ನಡುವೆ ನಿಂತಿದ್ದೆ. ಒಂದಿಷ್ಟು ಎಡವಟ್ಟು ಮಾಡಿಕೊಂಡೆ. ಅದನ್ನು ಮುಚ್ಚಿಡದೆ ಕಂಡಕಂಡವರ ಹತ್ತಿರ ಹೇಳಿಕೊಂಡೆ. ಅದಕ್ಕೇ ಕೇಳುತ್ತಾರೆ ಅನ್ನಿಸುತ್ತೆ.

ನನ್ನ ಉತ್ತರ ಇಷ್ಟೇ: ಹಾಸಿಗೆ ತನ್ನಿ, ಬಲ್ಬ್ ತನ್ನಿ, ಅಳತೆ ಟೇಪ್ ತನ್ನಿ. ಎರಡು ಮೂರು ತಿಂಗಳು ಬೇರೇನೂ ತರಬೇಡಿ.

ಇಷ್ಟು ಹೇಳಿದ ಕೂಡಲೇ ಆ ಕಡೆ ಮಾತು ನಿಲ್ಲುತ್ತದೆ. ಆಮೇಲೆ ಮೆಲ್ಲಗೆ, "ಮತ್ತೆ ಸೋಫಾ?"

ಸೋಫಾ ಆಮೇಲೆ. ಮೊದಲು ನನ್ನ ಟಿವಿ ಸ್ಟ್ಯಾಂಡಿನ ಕತೆ ಕೇಳಿ.

ಕೀಲಿಕೈ ಕೈಗೆ ಬಂದ ವಾರಕ್ಕೇ ತಂದಿದ್ದು ಅದು. ಅಂಗಡಿಯ ದೀಪದ ಕೆಳಗೆ ಗಟ್ಟಿ ಮರದ ಹಾಗೆ ಹೊಳೆಯುತ್ತಿತ್ತು. ಮನೆಗೆ ತಂದು ಇಟ್ಟ ಮೇಲೆ ನೋಡಿದರೆ ಹಾಲ್‌ನಲ್ಲಿದ್ದ ಒಂದೇ ಒಂದು ಉಪಯೋಗದ ಪ್ಲಗ್ ಪಾಯಿಂಟ್ ಅದರ ಬೆನ್ನ ಹಿಂದೆ ಹೋಗಿತ್ತು. ಸರಿ, ಎಕ್ಸ್‌ಟೆನ್ಶನ್ ಬೋರ್ಡ್ ಬಂತು. ವೈರು ನೆಲದ ಮೇಲೆ ಓಡಾಡಿತು. ಎಂಟು ತಿಂಗಳಾಗುವ ಹೊತ್ತಿಗೆ ಇನ್ನೊಂದು ಶುರುವಾಯಿತು. ದಿನಾ ನೆಲ ಒರೆಸುವಾಗ ಒದ್ದೆ ಬಟ್ಟೆ ತಾಗಿ ತಾಗಿ ಅದರ ಬುಡ ಊದಿಕೊಂಡಿತು. ಅಂಚಿಗೆ ಅಂಟಿಸಿದ್ದ ಪಟ್ಟಿ ಬಾಯಿ ಬಿಟ್ಟಿತು. ಉಗುರಿನಲ್ಲಿ ಕೆರೆದರೆ ಒಳಗಿಂದ ಒದ್ದೆ ಮರದ ಹೊಟ್ಟು ಉದುರಿತು.

ಅದು ಪಾರ್ಟಿಕಲ್ ಬೋರ್ಡ್. ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ, ಒತ್ತಿ ಹಲಗೆ ಮಾಡಿರುತ್ತಾರೆ. ಮೇಲೆ ಮರದ ಚಿತ್ರ ಇರುವ ಹಾಳೆ. ಒಣಗಿದ ಜಾಗದಲ್ಲಿ ಇದ್ದರೆ ವರ್ಷಗಟ್ಟಲೆ ಬಾಳುತ್ತದೆ, ಬೆಲೆಯೂ ಕಮ್ಮಿ. ಅದನ್ನು ಬೈಯಲು ಕಾರಣ ಇಲ್ಲ. ಆದರೆ ನೀರು ಕುಡಿದು ಊದಿತು ಅಂದರೆ ಒಣಗಿದ ಮೇಲೂ ಮೊದಲಿನ ಹಾಗೆ ಆಗುವುದಿಲ್ಲ. ಸ್ಕ್ರೂ ಒಮ್ಮೆ ಬಿಚ್ಚಿ ಮತ್ತೆ ಹಾಕಿದರೆ ಅದೇ ತೂತಿನಲ್ಲಿ ಹಿಡಿತ ಸಿಗುವುದಿಲ್ಲ. ಪ್ಲೈವುಡ್‌ನಲ್ಲಿ ಮರದ ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಕೂರಿಸಿ ಅಂಟಿಸಿರುತ್ತಾರೆ. ಹಾಗಾಗಿ ಸ್ಕ್ರೂ ಗಟ್ಟಿಯಾಗಿ ನಿಲ್ಲುತ್ತದೆ. ಈ ವ್ಯತ್ಯಾಸ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ. ಈಗ ಯಾವ ಅಂಗಡಿಗೆ ಹೋದರೂ ಮೊದಲು ಬಗ್ಗಿ ಅಡಿಭಾಗ ನೋಡುತ್ತೇನೆ. ಮುಂದೆ ಎಷ್ಟೇ ಪಾಲಿಶ್ ಮಾಡಿದ್ದರೂ ಅಡಿಯಲ್ಲಿ, ಹಿಂದುಗಡೆ ನಿಜ ಕಾಣುತ್ತದೆ. ನೆಲಕ್ಕೆ ತಾಗುವ ಸಾಮಾನಾದರೆ ಕಾಲು ಇರಲೇಬೇಕು. ಮೂರ್ನಾಲ್ಕು ಇಂಚಿನದಾದರೂ ಸಾಕು.

ಮತ್ತೆ ಈ ಖಾಲಿ ಇಡೋದು ಯಾಕೆ? ಮನೆ ಹೇಗೆ ನಡೆಯುತ್ತೆ ಅಂತ ಗೊತ್ತಾಗಲು. ಬೆಳಗಿನ ಬಿಸಿಲು ಎಲ್ಲಿಯವರೆಗೆ ಬರುತ್ತೆ, ಸಂಜೆ ಯಾವ ಮೂಲೆ ಕತ್ತಲಾಗುತ್ತೆ, ಬ್ಯಾಗು ಹಿಡಿದು ಬಂದವರು ಅದನ್ನು ಎಲ್ಲಿ ಬಿಸಾಕುತ್ತಾರೆ, ಫೋನ್ ಎಲ್ಲಿ ಚಾರ್ಜಿಗೆ ಹಾಕುತ್ತಾರೆ. ನಮ್ಮ ಮನೆಯಲ್ಲಿ ಎಲ್ಲರೂ ಚಪ್ಪಲಿ ಬಿಡುತ್ತಿದ್ದುದು ನಾನು ಅಂದುಕೊಂಡಿದ್ದ ಗೋಡೆಯ ಪಕ್ಕ ಅಲ್ಲವೇ ಅಲ್ಲ, ಅದರ ಎದುರಿಗೆ. ಮೊದಲೇ ಚಪ್ಪಲಿ ಸ್ಟ್ಯಾಂಡ್ ತಂದಿದ್ದರೆ ಅದು ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ ಇರುತ್ತಿತ್ತು. ಮಳೆ ಬಂದಾಗ ಯಾವ ಗೋಡೆ ತೇವ ಎಳೆಯುತ್ತೆ ಅನ್ನೋದೂ ಖಾಲಿ ಮನೆಯಲ್ಲೇ ಕಾಣೋದು. ಅದರ ಮುಂದೆ ಬೀರು ನಿಲ್ಲಿಸಿಬಿಟ್ಟರೆ ಬೂಷ್ಟು ಹಿಡಿದು ಬಟ್ಟೆ ನಾತ ಹೊಡೆದ ಮೇಲೇ ಗೊತ್ತಾಗೋದು. ಸೋರಿಕೆ, ತೇವ, ಪ್ಲಗ್ ಪಾಯಿಂಟ್, ಪೇಂಟು, ಇವೆಲ್ಲಾ ಸಾಮಾನು ಬರುವ ಮುಂಚೆ ಮುಗಿಯಬೇಕು. ಆಮೇಲೆ ಮಾಡಿಸಿದರೆ ಕೆಲಸ ಎರಡು ಪಟ್ಟು, ಧೂಳು ನಾಲ್ಕು ಪಟ್ಟು.

ಅಕ್ಕ ಬಂದಾಗ ಮಾತ್ರ ಸ್ವಲ್ಪ ಕಷ್ಟ ಆಯಿತು. "ಏನೇ, ಇಷ್ಟು ದೊಡ್ಡ ಮನೆ ತಗೊಂಡು ಚಾಪೆ ಮೇಲೆ ಕೂರಿಸ್ತೀಯಲ್ಲೇ" ಅಂದಳು. ಕೂತಳು. ಮೂರು ಗಂಟೆ ಹರಟಿದಳು. ಎದ್ದು ಹೋಗುವಾಗ ಮೊಣಕಾಲು ಹಿಡಿದುಕೊಂಡಳು. ಆ ವಾರವೇ ಮಡಚುವ ಎರಡು ಕುರ್ಚಿ ತಂದೆ. ಹಟ ಇರಲಿ, ಆದರೆ ಅದಕ್ಕೂ ಒಂದು ಮಿತಿ ಬೇಡವಾ?

ಹಾಸಿಗೆ ಯಾಕೆ ಮೊದಲು ಅಂದರೆ ದಿನದ ಏಳೆಂಟು ಗಂಟೆ ಅದರ ಮೇಲೇ ಕಳೆಯುತ್ತೀರಿ. ಮಂಚ ಕಾಯುತ್ತೆ, ಬೆನ್ನು ಕಾಯಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಹಾಸಿಗೆಯೇ ಇಲ್ಲದಿದ್ದರೆ? ಫೋಮ್ ಹಾಸಿಗೆಯಾದರೆ ದಪ್ಪ ನೋಡಿ ಮರುಳಾಗಬೇಡಿ, ಡೆನ್ಸಿಟಿ ಕೇಳಿ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತೆ ಅನ್ನುವ ಲೆಕ್ಕ ಅದು. ಸಾಮಾನ್ಯವಾಗಿ 20ರ ಆಸುಪಾಸಿನದು ಬೇಗ ಕುಳಿ ಬೀಳುತ್ತದೆ, 32, 40 ಇದ್ದರೆ ಹೆಚ್ಚು ದಿನ ಬರುತ್ತದೆ. ಗಟ್ಟಿ ಇದ್ದ ಮಾತ್ರಕ್ಕೆ ಡೆನ್ಸಿಟಿ ಜಾಸ್ತಿ ಅಂತಲ್ಲ. ಹಗುರ ಫೋಮನ್ನೂ ಗಟ್ಟಿಯಾಗಿ ಮಾಡಬಹುದು. ಸೋಫಾ ತರುವ ದಿನ ಬಂದಾಗಲೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಬಣ್ಣದ ಪ್ರಶ್ನೆ ಆಮೇಲೆ.

ಇನ್ನು ಬೆಳಕು. ಕಡಿಮೆ ದುಡ್ಡಿನಲ್ಲಿ ಮನೆಯ ಮುಖ ಬದಲಾಯಿಸುವುದು ಇದೊಂದೇ ಅಂತ ನಾನು ಎದೆ ತಟ್ಟಿ ಹೇಳುತ್ತೇನೆ. ನಮ್ಮ ಹಾಲ್‌ನಲ್ಲಿ ಬರುವಾಗಲೇ ನಡುಮಧ್ಯೆ ಒಂದು ಬಿಳಿ ಲೈಟು ಇತ್ತು. ಹಾಕಿದರೆ ಎಲ್ಲರ ಮುಖವೂ ಜ್ವರ ಬಂದವರ ಹಾಗೆ. ಬಲ್ಬಿನ ಡಬ್ಬಿ ತಿರುಗಿಸಿ ನೋಡಿ, ಒಂದು ಸಂಖ್ಯೆಯ ಮುಂದೆ ‘ಕೆ’ ಅಂತ ಇರುತ್ತೆ. ಕೆಲ್ವಿನ್ ಅಂತ. 6500 ಅಂದರೆ ನೀಲಿ ಛಾಯೆಯ ಬಿಳಿ, ಆಫೀಸಿನ ಬೆಳಕು. 4000 ನಡುವಿನದು, ಅಡುಗೆಮನೆಗೆ, ಓದುವ ಮೇಜಿಗೆ ಚೆನ್ನ. 2700ರಿಂದ 3000 ಅಂದರೆ ಹಳೇ ಬಲ್ಬಿನ ಹೊಂಬಣ್ಣ, ಕೂರುವ ಮಲಗುವ ಕೋಣೆಗೆ ಅದೇ ಸರಿ. ವ್ಯಾಟ್ ನೋಡಿ ಬೆಳಕು ಅಳೆಯುವ ಕಾಲ ಹೋಯಿತು. ಲ್ಯೂಮೆನ್ ನೋಡಿ, ಬಲ್ಬು ಎಷ್ಟು ಬೆಳಕು ಕೊಡುತ್ತೆ ಅನ್ನುವ ಲೆಕ್ಕ ಅದು. ಹಳೇ 60 ವ್ಯಾಟ್ ಬಲ್ಬ್ ಕೊಡುತ್ತಿದ್ದುದು ಸುಮಾರು 800 ಲ್ಯೂಮೆನ್. ಈಗ ಎಂಟು ಒಂಬತ್ತು ವ್ಯಾಟಿನ ಎಲ್‌ಇಡಿ ಅಷ್ಟು ಕೊಡುತ್ತದೆ. ಡಬ್ಬಿಯ ಮೇಲೆ ಸಿಆರ್‌ಐ ಅಂತ ಇದ್ದರೆ ಅದನ್ನೂ ನೋಡಿ, ಆ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನುವ ಅಂಕ ಅದು. 80ಕ್ಕಿಂತ 90 ಇದ್ದರೆ ಬಟ್ಟೆಯ, ಗೋಡೆಯ ಬಣ್ಣ ಇದ್ದ ಹಾಗೆ ಕಾಣುತ್ತದೆ.

ನಾನು ಮಾಡಿದ್ದು ಇಷ್ಟು. ನಡುಮಧ್ಯದ ಲೈಟು ಆರಿಸಿದೆ. ಮೂಲೆಯಲ್ಲಿ ಒಂದು ಸ್ಟ್ಯಾಂಡ್ ದೀಪ, ಕಪಾಟಿನ ಮೇಲೆ ಒಂದು ಸಣ್ಣದು. ಎರಡೂ 2700. ಬೆಳಕು ತಲೆಯ ಮೇಲಿಂದ ಸುರಿಯುವ ಬದಲು ಪಕ್ಕದಿಂದ ಬಂತು. ಅದೇ ಬೋಳು ಗೋಡೆ, ಅದೇ ಚಾಪೆ. ಆದರೂ ಆವತ್ತು ರಾತ್ರಿ ಯಾರಿಗೂ ಒಳಗೆ ಹೋಗಿ ಮಲಗಲು ಮನಸ್ಸಿರಲಿಲ್ಲ.

ಅಳತೆ ಟೇಪಿನ ಜೊತೆ ಹಳೇ ನ್ಯೂಸ್‌ಪೇಪರ್ ಸೇರಿಸಿಕೊಳ್ಳಿ. ಸೋಫಾ ಎಷ್ಟು ಉದ್ದ, ಎಷ್ಟು ಅಗಲ ಅಂತ ಬರೆದುಕೊಂಡು ಬಂದು ಅಷ್ಟೇ ಅಳತೆಗೆ ಪೇಪರ್ ಅಂಟಿಸಿ ನೆಲಕ್ಕೆ ಹಾಸಿ. ಒಂದು ವಾರ ಅದನ್ನು ತುಳಿಯದೆ ಓಡಾಡಿ. ಸುಮ್ನೆ ತಮಾಷೆ ಅನ್ನಿಸುತ್ತೆ, ಅಲ್ವಾ? ನಾನು ಆಸೆಪಟ್ಟಿದ್ದ ಎಲ್ ಆಕಾರದ ಸೋಫಾ ಮೂರನೇ ದಿನಕ್ಕೇ ರದ್ದಾಯಿತು. ಬಾಲ್ಕನಿಗೆ ಹೋಗುವವರೆಲ್ಲಾ ಪೇಪರ್ ಹರಿದುಕೊಂಡೇ ಹೋಗುತ್ತಿದ್ದರು.

ಕೆಲವು ಅಳತೆ ಬಾಯಿಪಾಠ ಇದ್ದರೆ ಒಳ್ಳೆಯದು. ಓಡಾಡುವ ದಾರಿಗೆ ಎರಡೂವರೆಯಿಂದ ಮೂರು ಅಡಿ. ಸೋಫಾಗೂ ಟೀಪಾಯಿಗೂ ನಡುವೆ ಒಂದೂವರೆ ಅಡಿ. ಊಟದ ಮೇಜಿನಲ್ಲಿ ಒಬ್ಬರಿಗೆ ಎರಡು ಅಡಿ ಅಗಲ, ಕುರ್ಚಿ ಹಿಂದೆ ಸರಿಸಲು ಮೂರು ಅಡಿ. ಮೇಜು 30 ಇಂಚು ಎತ್ತರ ಇದ್ದರೆ ಕುರ್ಚಿಯ ಕೂರುವ ಜಾಗ 18 ಇಂಚು. ಬಟ್ಟೆ ತೂಗುಹಾಕುವ ಬೀರುವಿಗೆ ಒಳಗೆ ಸುಮಾರು 22 ಇಂಚು ಆಳ ಬೇಕು. ಹ್ಯಾಂಗರ್ ಅಗಲವೇ 17 ಇಂಚಿನಷ್ಟು, ಅದರ ಮೇಲೆ ಬಟ್ಟೆಯ ದಪ್ಪ. ಕಮ್ಮಿ ಇದ್ದರೆ ಬಾಗಿಲಿಗೆ ತೋಳು ಸಿಕ್ಕಿಹಾಕಿಕೊಳ್ಳುತ್ತದೆ. ಇದೆಲ್ಲದರ ಜೊತೆ ಮುಂಬಾಗಿಲು, ಲಿಫ್ಟು, ಮೆಟ್ಟಿಲಿನ ತಿರುವು ಅಳೆಯುವುದನ್ನು ಮರೆಯಬೇಡಿ. ಕೋಣೆಯಲ್ಲಿ ಹಿಡಿಸುವ ಸಾಮಾನು ಮೆಟ್ಟಿಲಿನ ತಿರುವಿನಲ್ಲೇ ನಿಂತುಬಿಟ್ಟರೆ ಏನು ಮಾಡುತ್ತೀರಿ?

ಹಳೇ ಸಾಮಾನು ತರೋದಕ್ಕೆ ಕೆಲವರಿಗೆ ಮುಜುಗರ. ನನಗಿಲ್ಲ. ನಮ್ಮ ಊಟದ ಮೇಜು ಇನ್ನೊಬ್ಬರ ಮನೆಯಿಂದ ಬಂದಿದ್ದು. ಗಟ್ಟಿ ಮರ, ಮೇಲೆ ಕಪ್ಪು ಪಾಲಿಶ್, ಬಿಸಿ ಪಾತ್ರೆ ಇಟ್ಟ ಬಿಳಿ ಉಂಗುರಗಳು. ಎರಡು ಭಾನುವಾರ ಉಪ್ಪುಕಾಗದ ಹಿಡಿದು ಕೂತೆ. ಮೊದಲು 80 ನಂಬರಿನದು, ಆಮೇಲೆ 120, ಕೊನೆಗೆ 220. ಉಜ್ಜಿದ್ದು ಯಾವಾಗಲೂ ಮರದ ಗೆರೆಯ ಉದ್ದಕ್ಕೇ. ಅಡ್ಡ ಉಜ್ಜಿದರೆ ಗೀರು ಉಳಿದುಬಿಡುತ್ತೆ. ಕಪ್ಪು ಹೋಗಿ ಒಳಗಿಂದ ಕೆಂಚು ಬಣ್ಣದ ಮರ ಕಂಡಾಗ ಕೈನೋವು ಮರೆತೇ ಹೋಯಿತು. ಹಾಗಂತ ಸಿಕ್ಕಿದ್ದೆಲ್ಲಾ ತರಬೇಡಿ. ಕಾಲಿನ ಬುಡದಲ್ಲಿ ಹಿಟ್ಟಿನಂಥ ಪುಡಿ, ಸೂಜಿ ಚುಚ್ಚಿದ ಹಾಗೆ ತೂತು ಕಂಡರೆ ಹುಳ ಹಿಡಿದಿದೆ ಅಂತ. ಬಿಟ್ಟುಬಿಡಿ. ಅಲ್ಲಾಡಿಸಿದಾಗ ಕೂಡು ಸಡಿಲವಾಗಿದ್ದರೆ ಬಡಗಿ ಸರಿ ಮಾಡಬಲ್ಲ, ಮರವೇ ಬಿರುಕು ಬಿಟ್ಟಿದ್ದರೆ ಕಷ್ಟ. ಹಾಸಿಗೆ, ಮೆತ್ತೆ ಇರುವ ಸೋಫಾ ಮಾತ್ರ ಹಳೆಯದು ಬೇಡವೇ ಬೇಡ. ತಿಗಣೆ ಒಮ್ಮೆ ಮನೆ ಹೊಕ್ಕರೆ ಉಳಿಸಿದ ದುಡ್ಡಿನ ಹತ್ತರಷ್ಟು ಅದಕ್ಕೇ ಹೋಗುತ್ತೆ.

ಗೋಡೆಯ ಬಣ್ಣದ ಬಗ್ಗೆ ಜಾಸ್ತಿ ಹೇಳಲ್ಲ. ಅಂಗಡಿಯ ಚೀಟಿಯಲ್ಲಿ ಕಂಡದ್ದಕ್ಕಿಂತ ನಾಲ್ಕು ಗೋಡೆಗೆ ಬಳಿದಾಗ ಬಣ್ಣ ಸಾಮಾನ್ಯವಾಗಿ ಗಾಢವಾಗೇ ಕಾಣುತ್ತೆ. ದೊಡ್ಡ ರಟ್ಟಿಗೆ ಬಳಿದು, ಬೆಳಗ್ಗೆ ಒಂದು ಸಲ, ದೀಪ ಹಾಕಿ ಒಂದು ಸಲ ನೋಡಿ. ಒಂದು ಲೀಟರ್ ಪೇಂಟಿನಲ್ಲಿ ಸುಮಾರು 100 ಚದರ ಅಡಿ ಗೋಡೆಗೆ ಒಂದು ಕೋಟ್ ಆಗುತ್ತೆ ಅಂತ ಲೆಕ್ಕ ಇಟ್ಟುಕೊಂಡರೆ ಕಮ್ಮಿ ಬೀಳಲ್ಲ. ಹೊಸ ಗಾರೆಯಾದರೆ ಒಂದು ತಿಂಗಳಾದರೂ ಒಣಗಲು ಬಿಡಿ.

ಪರದೆಯಲ್ಲಿ ಮಾತ್ರ ಒಂದು ಗುಟ್ಟಿದೆ. ರಾಡನ್ನು ಕಿಟಕಿಯ ಚೌಕಟ್ಟಿಗೆ ಸರಿಯಾಗಿ ಹಾಕದೆ ನಾಲ್ಕರಿಂದ ಆರು ಇಂಚು ಮೇಲಕ್ಕೆ, ಎರಡೂ ಪಕ್ಕ ಆರೆಂಟು ಇಂಚು ಆಚೆಗೆ ಹಾಕಿ. ಪರದೆ ಸರಿಸಿದಾಗ ಗಾಜು ಪೂರ್ತಿ ಬಿಡುವಾಗುತ್ತೆ, ಕಿಟಕಿಯೇ ದೊಡ್ಡದಾದ ಹಾಗೆ ಕಾಣುತ್ತೆ. ಬಟ್ಟೆ ರಾಡಿನ ಅಗಲದ ಎರಡರಷ್ಟು ಇರಲಿ. ಅಗ್ಗದ ಬಟ್ಟೆಯೂ ನೆರಿಗೆ ತುಂಬಿದ್ದರೆ ಚೆಂದ, ದುಬಾರಿ ಬಟ್ಟೆಯೂ ನೆರಿಗೆ ಇಲ್ಲದಿದ್ದರೆ ಬೆಡ್‌ಶೀಟ್ ಕಟ್ಟಿದ ಹಾಗೆ. ಹತ್ತಿಯದಾದರೆ ಹೊಲಿಸುವ ಮುಂಚೆ ಒಮ್ಮೆ ಒಗೆಯಿರಿ. ನಾನು ಒಗೆದಿರಲಿಲ್ಲ. ಮೊದಲ ಒಗೆತಕ್ಕೇ ಪರದೆ ಮೂರು ಇಂಚು ಮೇಲಕ್ಕೆ ಹೋಯಿತು, ಈಗಲೂ ಪ್ಯಾಂಟು ಗಿಡ್ಡವಾದ ಹುಡುಗನ ಹಾಗೆ ನಿಂತಿದೆ.

ಬಜೆಟ್ ಹಾಕುವಾಗ ಎಲ್ಲರೂ ಸೋಫಾ, ಮಂಚ, ಮೇಜು ಬರೆಯುತ್ತಾರೆ. ಪರದೆಯ ರಾಡು, ಸ್ಕ್ರೂ, ಡ್ರಿಲ್ ಮಾಡುವವರ ಕೂಲಿ, ಸಾಮಾನು ಮೇಲೆ ಹೊರಿಸಿದ್ದು, ಕಸದಬುಟ್ಟಿ, ಕಾಲೊರೆಸು, ಬಕೆಟ್ಟು, ಇದನ್ನು ಯಾರೂ ಬರೆಯಲ್ಲ. ಕೈಯಲ್ಲಿರುವ ಹಣದಲ್ಲಿ ಐದನೇ ಒಂದು ಭಾಗ ಮೊದಲೇ ಎತ್ತಿಡಿ. ಅದರಲ್ಲೇ ಎತ್ತರದ ಕಪಾಟುಗಳನ್ನು ಗೋಡೆಗೆ ಬಿಗಿಸುವ ಕ್ಲಾಂಪೂ ಬರಲಿ. ಮಕ್ಕಳು ಹೊರಗೆ ಎಳೆದ ಡ್ರಾಯರನ್ನು ಮೆಟ್ಟಿಲು ಮಾಡಿಕೊಂಡು ಹತ್ತುತ್ತವೆ, ಕಪಾಟು ಮುಂದಕ್ಕೆ ಬೀಳುತ್ತೆ. ಇಲ್ಲಿ ಮಾತ್ರ ಉಳಿತಾಯದ ಮಾತು ಬೇಡ.

"ಕಂತಿನಲ್ಲಿ ಎಲ್ಲಾ ಒಟ್ಟಿಗೆ ತಂದುಬಿಡಲಾ?" ಅಂತಲೂ ಕೇಳುತ್ತಾರೆ. ಮನೆಯ ಸಾಲದ ಕಂತು ಆಗಲೇ ಇದೆಯಲ್ಲ. ಅದರ ಮೇಲೆ ಸೋಫಾದ ಕಂತು, ಬೀರುವಿನ ಕಂತು. ಅದೂ ಅಲ್ಲದೆ ಎಲ್ಲಾ ಒಂದೇ ದಿನ ತಂದರೆ ಎಲ್ಲಾ ತಪ್ಪನ್ನೂ ಒಂದೇ ದಿನ ಮಾಡಿದ ಹಾಗೆ. ನನ್ನ ಟಿವಿ ಸ್ಟ್ಯಾಂಡ್ ಒಂದಿತ್ತು, ಸದ್ಯ. ಅಂಥವು ಐದು ಇದ್ದಿದ್ದರೆ?

ನಮ್ಮ ಮನೆ ತುಂಬಲು ಮೂರು ವರ್ಷ ಹಿಡಿಯಿತು. ತುಂಬಲು ಅಂದರೆ ಹೆಚ್ಚುಕಮ್ಮಿ. ಕಿಟಕಿ ಪಕ್ಕದ ಮೂಲೆಯಲ್ಲಿ ಓದುವ ಕುರ್ಚಿಗೆ ಅಂತ ಹಾಸಿದ ಪೇಪರ್ ಇನ್ನೂ ಹಾಗೇ ಇದೆ. ಬಿಸಿಲಿಗೆ ಹಳದಿಯಾಗಿದೆ. ಅಕ್ಕ ಬಂದಾಗಲೆಲ್ಲಾ ಸುತ್ತು ಹಾಕಿಕೊಂಡು ಹೋಗುತ್ತಾಳೆ, ತುಳಿಯಲ್ಲ.