ನೆಲ ನೋಡಿ ಯುದ್ಧ ಕಟ್ಟಿದ ಕೊಶ್ಚುಷ್ಕೊ

17 ಅಕ್ಟೋಬರ್ 2023, ಮಂಗಳವಾರ

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1777ರ ಅಕ್ಟೋಬರ್ 17ರಂದು ಬ್ರಿಟಿಷ್ ಜನರಲ್ ಬರ್ಗಾಯ್ನ್ ಸರಟೋಗಾದಲ್ಲಿ ಅಮೆರಿಕನ್ನರಿಗೆ ಶರಣಾದ. ಗೆದ್ದ ಜನರಲ್ ಗೇಟ್ಸ್ ಅದರ ಶ್ರೇಯವನ್ನು ಕೊಟ್ಟಿದ್ದು ಬೆಟ್ಟಗಳಿಗೆ, ಕಾಡಿಗೆ, ಆ ಜಾಗ ಆರಿಸಿಕೊಟ್ಟ ಪೋಲಿಷ್ ಎಂಜಿನಿಯರಿಗೆ. ಆತನೇ ತಾದೇಉಷ್ ಕೊಶ್ಚುಷ್ಕೊ. ಅವನ ಹೆಸರು ಬಂದರೆ ರಷ್ಯದ ವಿರುದ್ಧದ 1794ರ ಪೋಲಿಷ್ ಬಂಡಾಯ, ಅದಕ್ಕೆಂದು ಕ್ರಾಕೋವ್‌ನಲ್ಲಿ ತೊಟ್ಟ ಪ್ರತಿಜ್ಞೆ, ಇವಿಷ್ಟೇ ಮಾತಿಗೆ ಬರುತ್ತವೆ. ಅವನ ಕಸುಬು ಏನಿತ್ತು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ.

1746ರಲ್ಲಿ ಹುಟ್ಟಿದ್ದು ಸಣ್ಣ ಜಮೀನಿನ ಕುಲೀನ ಮನೆತನದಲ್ಲಿ. ವಾರ್ಸಾದ ಕೆಡೆಟ್ ಶಾಲೆ ಮುಗಿಸಿ 1769ರಲ್ಲಿ ರಾಜನ ವಿದ್ಯಾರ್ಥಿವೇತನದ ಮೇಲೆ ಪ್ಯಾರಿಸ್‌ಗೆ ಹೋದ. ವಿದೇಶಿಯಾದ್ದರಿಂದ ಫ್ರೆಂಚ್ ಸೇನಾ ಶಾಲೆಗೆ ಪ್ರವೇಶ ಸಿಗಲಿಲ್ಲ. ಚಿತ್ರಕಲಾ ಅಕಾಡೆಮಿ ಸೇರಿ, ಕೋಟೆ ಕಟ್ಟುವ ವಿದ್ಯೆಯನ್ನು ಹೊರಗಿನಿಂದ ಕಲಿತ. ಊರಿಗೆ ಮರಳಿದರೆ ಸೈನ್ಯದಲ್ಲಿ ಹುದ್ದೆಯಿಲ್ಲ. 1776ರಲ್ಲಿ ಅಮೆರಿಕಕ್ಕೆ ಬಂದ, ಅಕ್ಟೋಬರ್ 18ರಂದು ಎಂಜಿನಿಯರ್ ಕರ್ನಲ್ ಆದ.

ಮರುವರ್ಷ ಟೈಕಾಂಡರೋಗ ಕೋಟೆಗೆ ಹೋದವನ ಕಣ್ಣು ಬಿದ್ದಿದ್ದು ಎದುರಿನ ಶುಗರ್ ಲೋಫ್ ಗುಡ್ಡದ ಮೇಲೆ. ಅಲ್ಲಿಂದ ಕೋಟೆ ತೋಪಿನ ಗುರಿಯೊಳಗೇ ಇತ್ತು. ಅಲ್ಲಿ ನಾವೇ ತೋಪು ಏರಿಸೋಣ ಎಂದ. ಕಡಿದಾದ ಗುಡ್ಡ, ತೋಪು ಹತ್ತಿಸಲಾಗದು ಎಂದು ಮೇಲಿನವರು ಕೈಬಿಟ್ಟರು. ಜುಲೈ 5ರಂದು ಬ್ರಿಟಿಷರು ಹತ್ತಿಸಿಯೇ ಬಿಟ್ಟರು. ಅದೇ ರಾತ್ರಿ ಅಮೆರಿಕನ್ನರು ಕೋಟೆ ಖಾಲಿ ಮಾಡಬೇಕಾಯಿತು.

ನನ್ನ ಮಟ್ಟಿಗೆ ಅವನ ಅತ್ಯುತ್ತಮ ಕೆಲಸ ಈ ಹಿಮ್ಮೆಟ್ಟುವಿಕೆಯಲ್ಲೇ ನಡೆಯಿತು. ದಾರಿಯ ಎರಡೂ ಬದಿಯಿಂದ ಮರಗಳನ್ನು ಒಳಮುಖವಾಗಿ ಉರುಳಿಸಿದರು, ಕೊಂಬೆಗೆ ಕೊಂಬೆ ಹೆಣೆದುಕೊಳ್ಳುವಂತೆ. ಒಂಟಿ ದಿಮ್ಮಿಯಾದರೆ ಎತ್ತು ಕಟ್ಟಿ ಎಳೆದು ಹಾಕಬಹುದು. ಹೆಣೆದುಕೊಂಡ ಮರಗಳನ್ನು ಕೊಂಬೆ ಕಡಿದು ಬಿಡಿಸದೆ ಅಲುಗಾಡಿಸಲಾಗದು. ಜೊತೆಗೆ ಸೇತುವೆಗಳನ್ನು ಮುರಿದರು, ತೊರೆಗಳಿಗೆ ಅಡ್ಡಕಟ್ಟಿ ನೀರನ್ನು ದಾರಿಗೆ ತಿರುಗಿಸಿದರು. ಬೆನ್ನಟ್ಟಿ ಬಂದ ಬರ್ಗಾಯ್ನ್ 40ಕ್ಕೂ ಹೆಚ್ಚು ಸೇತುವೆ ಕಟ್ಟಬೇಕಾಯಿತು, ಅದರಲ್ಲಿ ಒಂದು ಜೌಗಿನ ಮೇಲೆ 2 ಮೈಲಿ ಉದ್ದದ ದಿಮ್ಮಿ ದಾರಿ. ಸುಮಾರು 23 ಮೈಲಿ ದಾಟಲು ಮೂರು ವಾರಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಅವನ ದಾಸ್ತಾನು ಕರಗಿತು, ಎದುರಾಳಿಗಳಿಗೆ ಜನ ಕೂಡಿದರು.

ಆಮೇಲೆ ಸರಟೋಗಾ ಬಳಿಯ ಬೆಮಿಸ್ ಹೈಟ್ಸ್ ದಿಬ್ಬ. ಬರ್ಗಾಯ್ನ್ ಹೊರಟಿದ್ದ ಅಲ್ಬನಿಗೆ ತೋಪು, ಬಂಡಿ ಸಾಗಬಲ್ಲ ದಾರಿ ಅಲ್ಲಿ ಹಡ್ಸನ್ ನದಿಗೂ ದಿಬ್ಬಕ್ಕೂ ನಡುವೆ ಕಿರಿದಾಗುತ್ತದೆ. ದಾರಿಗೆ ಅಡ್ಡಲಾಗಿ ಅಗಳು ತೋಡಿ, ಮೇಲೆ ತೋಪು ಇರಿಸಿದ. ಮುಂದೆ ಹೋಗಬೇಕೆಂದರೆ ಶತ್ರು ಪಶ್ಚಿಮದ ಕಾಡಿಗೇ ನುಗ್ಗಬೇಕು. ಸಾಲುಗಟ್ಟಿ ಗುಂಡು ಹಾರಿಸುವ ಬ್ರಿಟಿಷ್ ಕ್ರಮ ಮರಗಳ ನಡುವೆ ಅಷ್ಟು ನಡೆಯುವುದಿಲ್ಲ. ಸೆಪ್ಟೆಂಬರ್ 19, ಅಕ್ಟೋಬರ್ 7ರ ಎರಡೂ ಕಾಳಗಗಳು ನಡೆದದ್ದು ಆ ಕಡೆಯಲ್ಲೇ.

ಅದೇ ನೆಲ ಕೈಕೊಟ್ಟಿದ್ದೂ ಉಂಟು. 1781ರ ಮೇ ತಿಂಗಳಲ್ಲಿ ದಕ್ಷಿಣ ಕ್ಯಾರೊಲಿನಾದ ನೈಂಟಿ ಸಿಕ್ಸ್‌ನಲ್ಲಿ ಬ್ರಿಟಿಷರ ಕಡೆಯವರ ಕೈಯಲ್ಲಿದ್ದ ನಕ್ಷತ್ರಾಕಾರದ ಮಣ್ಣಿನ ಕೋಟೆಗೆ ಅಮೆರಿಕನ್ನರ ಮುತ್ತಿಗೆ, ಎಂಜಿನಿಯರ್ ಇವನೇ. ಕ್ರಮವೇನೆಂದರೆ, ದೂರದಲ್ಲಿ ಕೋಟೆಗೆ ಸಮಾನಾಂತರವಾಗಿ ಮೊದಲ ಅಗಳು ತೋಡಿ, ಅಲ್ಲಿಂದ ಅಂಕುಡೊಂಕಾಗಿ ಮುಂದುವರಿಯುವುದು. ನೇರವಾಗಿ ತೋಡಿದರೆ ಕೋಟೆಯ ಒಂದೇ ಗುಂಡು ಅಗಳಿನುದ್ದಕ್ಕೂ ಹಾಯುತ್ತದೆ. ಇಲ್ಲಿ ಮೊದಲ ಅಗಳನ್ನೇ 70 ಗಜದಲ್ಲಿ ಶುರುಮಾಡಿದರು. ಒಳಗಿನವರು ಹೊರನುಗ್ಗಿ ಅಗೆಯುವವರನ್ನು ಕೊಂದು, ಸಲಕರಣೆಗಳನ್ನೂ ಹೊತ್ತೊಯ್ದರು. ಮತ್ತೆ 400 ಗಜದಿಂದ ಆರಂಭಿಸಬೇಕಾಯಿತು. ಮಣ್ಣೋ, ಮೆದು ಕಲ್ಲಿನಷ್ಟು ಗಟ್ಟಿ. ಕೋಟೆಯಡಿ ಮದ್ದು ತುಂಬಲೆಂದು ತೋಡಿದ ಸುರಂಗ ಮುಗಿಯುವ ಮೊದಲೇ ಬ್ರಿಟಿಷ್ ನೆರವಿನ ಸೈನ್ಯ ಹತ್ತಿರ ಬಂತು. ಜೂನ್ 18ರ ನೇರ ದಾಳಿ ಸೋತಿತು, ಮುತ್ತಿಗೆ ತೆಗೆಯಬೇಕಾಯಿತು. ಮೊದಲ ದಿನದ ಅವಸರದ ಬೆಲೆ ಅಷ್ಟಿತ್ತು.

ಪೋಲೆಂಡಿಗೆ ಮರಳಿ, 1794ರಲ್ಲಿ ರಷ್ಯದ ವಿರುದ್ಧ ಬಂಡಾಯ ಎತ್ತಿದಾಗ ಬಂದೂಕು ಸಾಲದು. ರೈತರ ಕೈಯಲ್ಲಿದ್ದದ್ದು ಹುಲ್ಲು ಕೊಯ್ಯುವ ಉದ್ದ ಕಾವಿನ ಕುಡುಗೋಲು. ಅದರ ಅಲಗು ಕಾವಿಗೆ ಅಡ್ಡವಾಗಿರುತ್ತದೆ. ಕಮ್ಮಾರರು ಬುಡ ಕಾಯಿಸಿ ಬಡಿದು, ಅಲಗನ್ನು ಕಾವಿನ ನೇರಕ್ಕೆ ನಿಲ್ಲಿಸಿ, ಕಬ್ಬಿಣದ ಬಳೆಯಿಂದ ಬಿಗಿದರು. ಈಗ ಅದರಿಂದ ಇರಿಯಬಹುದು, ಕಡಿಯಲೂಬಹುದು. ಏಪ್ರಿಲ್ 4ರಂದು ರಾಟ್ಸ್‌ವಾವಿತ್ಸೆಯಲ್ಲಿ ಈ ರೈತರು ರಷ್ಯನ್ ತೋಪುಗಳ ಮೇಲೆ ಓಡಿ ಬಿದ್ದರು. ತೋಪಿಗೆ ಮತ್ತೆ ಮದ್ದು ಗಿಡಿಯುವಷ್ಟರಲ್ಲಿ ಅವರು ಮೈಮೇಲಿದ್ದರು. 12 ತೋಪು ಕೈಸೇರಿದವು. ಮೇ 7ರ ಪೊವಾನಿಯೆಟ್ಸ್ ಘೋಷಣೆಯಲ್ಲಿ ಜೀತದ ರೈತರಿಗೆ ವೈಯಕ್ತಿಕ ಸ್ವಾತಂತ್ರ್ಯ ಕೊಟ್ಟು, ಬಿಟ್ಟಿ ದುಡಿಮೆ ಇಳಿಸಿದ. ಅನೇಕ ಜಮೀನುದಾರರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಜೂನ್ 6ರಂದು ಶ್ಚೆಕೊಚಿನಿಯಲ್ಲಿ ಪ್ರಷ್ಯನ್ನರೂ ರಷ್ಯನ್ನರ ಜೊತೆಗೂಡಿದ್ದರು, ತೋಪುಗಳೂ ಬಹಳ ಹೆಚ್ಚು. ಒಂದು ಸಾಲು ಮದ್ದು ಗಿಡಿಯುವಾಗ ಇನ್ನೊಂದು ಹಾರಿಸುತ್ತಿದ್ದರೆ ಓಡುವವನಿಗೆ ಬಿಡುವೆಲ್ಲಿ? ಕುಡುಗೋಲಿನವರು ಮುಂದೆ ಹೋಗಲಾಗದೆ ಬಿದ್ದರು. ಅಕ್ಟೋಬರ್ 10ರಂದು ಮಾಚೆಯೋವಿತ್ಸೆಯಲ್ಲಿ ಕೊಶ್ಚುಷ್ಕೊ ತನ್ನ ಕಡೆಯ ಜನರಲ್ ಪೊನಿನ್ಸ್ಕಿಯ ತುಕಡಿ ಬರುತ್ತದೆಂದು ನಂಬಿ ನಿಂತ. ತುಕಡಿ ಬರಲಿಲ್ಲ. ಗಾಯಗೊಂಡು ರಷ್ಯನ್ನರಿಗೆ ಸೆರೆಸಿಕ್ಕಿದ.